ಬಿಸಿಲಲ್ಲಿ ಕೈಕೊಡುವ ರಿಲೇ

ಹಳೇ ಪೆಟ್ರೋಲ್ ಕಾರುಗಳಿಗೆ ಬೇಸಿಗೆಯಲ್ಲಿ ಬರುವ ಒಂದು ಕಾಯಿಲೆ ಇದೆ. ಬೆಳಿಗ್ಗೆ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ದಾರಿಯಲ್ಲಿ ಎಲ್ಲೂ ಜಗ್ಗುವುದಿಲ್ಲ, ಆಫೀಸು ತಲುಪಿಸುತ್ತದೆ. ಬಿಸಿಲಲ್ಲಿ ಒಂದೆರಡು ಗಂಟೆ ನಿಂತ ಮೇಲೆ ಕೀ ತಿರುಗಿಸಿದರೆ ಸೆಲ್ಫ್ ಮೋಟಾರು ಗರಗರ ಎನ್ನುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಬ್ಯಾಟರಿ ಗಟ್ಟಿಯಾಗಿದೆ, ಲೈಟು ಹಾರ್ನು ಎಲ್ಲ ಸರಿಯಿದೆ, ಟ್ಯಾಂಕಿನಲ್ಲಿ ಪೆಟ್ರೋಲಿದೆ. ನಾಲ್ಕೂ ಬಾಗಿಲು ತೆಗೆದಿಟ್ಟು ಅರ್ಧ ಗಂಟೆ ಕಾದು ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಟೋ ಮಾಡಿಸಿಕೊಂಡು ಗ್ಯಾರೇಜಿಗೆ ಒಯ್ದಿರೋ, ಅಷ್ಟರಲ್ಲಿ ಗಾಡಿ ತಣ್ಣಗಾಗಿ ಕಾಯಿಲೆಯೇ ಮಾಯವಾಗಿರುತ್ತದೆ. ಮೆಕ್ಯಾನಿಕ್ ನಮ್ಮ ಮುಖ ನೋಡುತ್ತಾನೆ, ನಾವು ಅವನ ಮುಖ ನೋಡುತ್ತೇವೆ.

ಕಲ್ಕತ್ತೆಯ ಹವೆ ಈ ಕಾಯಿಲೆಗೆ ಹೇಳಿ ಮಾಡಿಸಿದ್ದು. ರಾಯಚೂರು, ಕಲಬುರಗಿಯ ನೆಂಟರು ಇಲ್ಲಿನ 38 ಡಿಗ್ರಿ ಕೇಳಿ "ಇಷ್ಟೇನಾ?" ಅನ್ನುತ್ತಾರೆ. ಬಂದು ಒಂದು ಮಧ್ಯಾಹ್ನ ಕಳೆದ ಮೇಲೆ ಆ ಮಾತು ಆಡುವುದಿಲ್ಲ. ಇಲ್ಲಿ ಬಿಸಿಲಿಗಿಂತ ಸೆಕೆ ದೊಡ್ಡದು. ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಗಾಳಿಯೇ 60 ಡಿಗ್ರಿ ಹತ್ತಿರ ಹೋಗುತ್ತದೆ, ಡ್ಯಾಶ್‌ಬೋರ್ಡ್ ಅದಕ್ಕೂ ಮೇಲೆ. ಆ ಡ್ಯಾಶ್‌ಬೋರ್ಡಿನ ಹಿಂದೆಯೇ, ಸ್ಟೀರಿಂಗ್ ಕೆಳಗೆ, ಕೈ ತೂರಿಸಿದರೂ ಸುಲಭಕ್ಕೆ ಸಿಗದ ಜಾಗದಲ್ಲಿ ನನ್ನ ಕಾರಿನ ಮೇನ್ ರಿಲೇ ಕೂತಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಕಾಯಿಲೆಯ ಮೂಲ ಅದು.

ನನ್ನದು 1999ರ ಮಾಡೆಲ್, ಜಪಾನೀ ಮೂಲದ ಸೆಡಾನ್. ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದಾಗ ನಿವೃತ್ತಿಯ ಅಂಚಿನಲ್ಲಿದ್ದ ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ಅವರು ಅದನ್ನು ಮಗಳನ್ನು ಧಾರೆಯೆರೆದು ಕೊಟ್ಟ ಹಾಗೆ ಕೊಟ್ಟರು, ಸರ್ವಿಸ್ ಮಾಡಿಸಿದ ಚೀಟಿಗಳ ಕಟ್ಟಿನ ಸಮೇತ. ಇಂಥ ಕಾರುಗಳಿಗೆ ಲೋಕದಲ್ಲಿ ಒಂದು ನೆಲೆ ಇಲ್ಲ. ಹೊಸದಕ್ಕೆ ಷೋರೂಮಿನ ಮರ್ಯಾದೆ ಇದೆ. ತೀರ ಹಳೆಯದಕ್ಕೆ ಈ ಊರಿನಲ್ಲಿ ಹಬ್ಬವೇ ನಡೆಯುತ್ತದೆ. ಸ್ಟೇಟ್ಸ್‌ಮನ್ ಪತ್ರಿಕೆ 1960ರ ದಶಕದಿಂದ ಇಲ್ಲಿ ವಿಂಟೇಜ್ ಕಾರುಗಳ ರ‍್ಯಾಲಿ ನಡೆಸುತ್ತ ಬಂದಿದೆ, ಜನ ರಸ್ತೆ ಬದಿ ನಿಂತು ನೋಡುತ್ತಾರೆ. ಸರ್ಕಾರದ ನಿಯಮದಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಬೇಕು. ನಡುವಿನ ವಯಸ್ಸಿನವು ಮಾತ್ರ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು, ಇನ್ನೂ ಓಡಬಲ್ಲೆವೆಂದು ತೋರಿಸುತ್ತ ಬದುಕಬೇಕು. ಅವಕ್ಕೆ ಬೇಕಾದ್ದು ಕಾಯಿಲೆಯನ್ನು ಸರಿಯಾಗಿ ಗುರುತಿಸುವ ಒಬ್ಬ ಮನುಷ್ಯ. ಅಂಥವರು ಸಿಗುವುದೇ ದುರ್ಲಭ.

ಅಂಥ ಮನುಷ್ಯ ನನಗೆ ಮೊದಲು ಸಿಕ್ಕಿದ್ದು ಬಿ.ಬಿ.ಡಿ. ಬಾಗ್‌ನಲ್ಲಿ, ಊರವರು ಇನ್ನೂ ಡಾಲ್‌ಹೌಸಿ ಎಂದೇ ಕರೆಯುವ ಆಫೀಸುಗಳ ವಠಾರದಲ್ಲಿ. ಮೇ ತಿಂಗಳ ಮಧ್ಯಾಹ್ನ. ಗಾಡಿ ಎಂದಿನಂತೆ ಮುಷ್ಕರ ಹೂಡಿತ್ತು. ಪಕ್ಕದಲ್ಲಿ ಹಳದಿ ಅಂಬಾಸಡರ್ ನಿಲ್ಲಿಸಿಕೊಂಡಿದ್ದ ಟ್ಯಾಕ್ಸಿ ಚಾಲಕರು, ಬಿಹಾರದ ಕಡೆಯ ವಯಸ್ಸಾದವರು, ಬೀಡಿ ಆರಿಸಿ ಎದ್ದು ಬಂದರು. ಕರೆಯದೆಯೇ ಸಹಾಯಕ್ಕೆ ಬರುವುದು ಈ ಊರಿನ ಗುಣ. ನನ್ನಿಂದ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಸಿ, ತಾವು ಹಿಂದೆ ಹೋಗಿ ಸೈಲೆನ್ಸರ್ ಪೈಪಿನ ಬಳಿ ಬಗ್ಗಿ ಮೂಸಿದರು.

"ತೇಲ್ ನಹೀಂ ಆ ರಹಾ, ಬಾಬು. ಇಷ್ಟು ತಿರುಗಿಸಿದ ಮೇಲೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಬೇಕಿತ್ತು. ಏನೂ ಇಲ್ಲ."

ಒಂದೇ ಮಾತಿನಲ್ಲಿ ಅರ್ಧ ಸಮಸ್ಯೆ ಬಗೆಹರಿಯಿತು. ಪ್ಲಗ್ಗು, ಕಾಯಿಲ್, ಡಿಸ್ಟ್ರಿಬ್ಯೂಟರ್ ಎಂದು ಕಿಡಿಯ ಕಡೆ ಹುಡುಕುವ ಅಗತ್ಯವಿಲ್ಲ, ಪೆಟ್ರೋಲ್ ಇಂಜಿನ್ನಿಗೆ ತಲುಪುತ್ತಿಲ್ಲ ಅಷ್ಟೆ. ಆದರೆ ಅಲ್ಲಿಂದ ಮುಂದೆ ಅವರ ಕೈಯಲ್ಲಿ ದಾರಿ ಇರಲಿಲ್ಲ. ಅವರು ಪಳಗಿದ್ದು ಹಿಂದೆ ಓಡಿಸುತ್ತಿದ್ದ ಪೆಟ್ರೋಲ್ ಅಂಬಾಸಡರ್ ಮೇಲೆ. ಅದರಲ್ಲಿ ಪೆಟ್ರೋಲ್ ಪಂಪು ಇಂಜಿನ್ ಪಕ್ಕಕ್ಕೇ ಅಂಟಿಕೊಂಡಿತ್ತು, ಇಂಜಿನ್ ತಿರುಗಿದರೆ ತಾನೂ ಬಡಿದುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿಕೊಂಡರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರಾಯಿತು. ಹೂಗ್ಲಿಯ ಆಚೆ ದಡದ ಉತ್ತರಪಾಡಾದಲ್ಲಿ, ರೈಲು ನಿಲ್ದಾಣಕ್ಕೂ ಹಿಂದ್‌ಮೋಟರ್ ಎಂದು ಹೆಸರು ಕೊಟ್ಟ ಕಾರ್ಖಾನೆಯಲ್ಲಿ, 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಅಂಬಾಸಡರ್ ತಯಾರಾಯಿತು. ಈ ಊರಿನ ರಸ್ತೆ ಬದಿಯ ವಿದ್ಯೆಯೆಲ್ಲ ಅದನ್ನು ಬಿಚ್ಚಿ ಜೋಡಿಸಿ ಬೆಳೆದದ್ದು. ಕಣ್ಣಿಗೆ ಕಂಡದ್ದನ್ನು ಕೈಯಿಂದ ಸರಿಮಾಡುವ ವಿದ್ಯೆ. 15 ವರ್ಷ ಮೀರಿದ ಬಾಡಿಗೆ ವಾಹನ ನಗರದಲ್ಲಿ ಓಡುವಂತಿಲ್ಲವೆಂದು ಕಲ್ಕತ್ತ ಹೈಕೋರ್ಟು 2008ರಲ್ಲಿ ಆದೇಶ ಮಾಡಿದ್ದರಿಂದ, ಲೆಕ್ಕ ಹಿಡಿದರೆ 2029ರ ಹೊತ್ತಿಗೆ ಕೊನೆಯ ಹಳದಿ ಅಂಬಾಸಡರೂ ರಸ್ತೆ ಬಿಡಬೇಕು. ಅದರ ಜೊತೆಗೆ ಆ ಮೂಸಿ ನೋಡುವ ಜಾಣತನವೂ ಹೋಗಿಬಿಟ್ಟರೆ ಎಂಬ ಚಿಂತೆ ನನಗೆ ನಿಜವಾಗಿಯೂ ಇದೆ.

2000ದ ಆಸುಪಾಸಿನಲ್ಲಿ ನಮ್ಮ ಕಾರುಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಪಂಪು ಪೆಟ್ರೋಲ್ ಟ್ಯಾಂಕಿನೊಳಗೆ ಇಳಿಯಿತು, ವಿದ್ಯುತ್ತಿನಿಂದ ಓಡತೊಡಗಿತು. ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳಲು ಒಂದು ಸಣ್ಣ ಕಂಪ್ಯೂಟರ್ ಬಂತು. ಆದರೆ ಕಂಪ್ಯೂಟರಿನ ಕೈಯಿಂದ ಪಂಪಿಗೆ ಬೇಕಾದಷ್ಟು ಕರೆಂಟು ನೇರವಾಗಿ ಹರಿಯಲಾರದು. ಅದಕ್ಕೆ ನಡುವೆ ರಿಲೇ. ಡಬ್ಬಿಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದಕ್ಕೆ ಚೂರೇ ಚೂರು ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ಒಂದು ಕಬ್ಬಿಣದ ಪಟ್ಟಿಯನ್ನು ಟಿಕ್ ಎಂದು ಎಳೆದುಕೊಳ್ಳುತ್ತದೆ. ಪಟ್ಟಿ ಸರಿದಾಗ ದೊಡ್ಡ ಕರೆಂಟಿನ ದಾರಿ ತೆರೆಯುತ್ತದೆ. ನನ್ನ ಗಾಡಿಯ ಡಬ್ಬಿಯಲ್ಲಿ ಇಂಥವು ಎರಡಿವೆ. ಒಂದು ಕಂಪ್ಯೂಟರನ್ನೂ ಇಂಜೆಕ್ಟರುಗಳನ್ನೂ ಎಬ್ಬಿಸುತ್ತದೆ, ಇನ್ನೊಂದು ಪಂಪನ್ನು ಓಡಿಸುತ್ತದೆ.

ರಿಲೇ ಎಂಬ ಈ ಉಪಾಯ ಹೊಸದೇನಲ್ಲ. 1830ರ ದಶಕದಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಮಾಡಿ ತೋರಿಸಿದ್ದು. ದೂರದಿಂದ ಬಂದು ಸೊರಗಿದ ಸಂಕೇತ ಒಂದು ಅಯಸ್ಕಾಂತವನ್ನು ಅಲುಗಿಸಿದರೆ ಸಾಕು, ಅದು ಅಲ್ಲಿನ ಹೊಸ ಬ್ಯಾಟರಿಯನ್ನು ಜೋಡಿಸಿ ಸಂಕೇತವನ್ನು ಮುಂದಕ್ಕೆ ಕಳಿಸುತ್ತದೆ. ಟೆಲಿಗ್ರಾಫ್ ಖಂಡಗಳನ್ನು ದಾಟಿದ್ದು ಈ ಉಪಾಯದ ಬಲದಿಂದ. ಅದೇ 1830ರ ದಶಕದಲ್ಲಿ, 1839ರಲ್ಲಿ, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವಿಲಿಯಂ ಓಶಾನೆಸಿ ಎಂಬ ವೈದ್ಯ ಕಲ್ಕತ್ತೆಯ ಬಳಿ ತಂತಿ ಎಳೆದು ಟೆಲಿಗ್ರಾಫ್ ಪ್ರಯೋಗ ನಡೆಸಿದ. ಮುಂದೆ 1851ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರ್‌ಗೂ ನಡುವೆ ತಂತಿ ಮಾರ್ಗ ಬಂದದ್ದು ಅವನ ಕೈಯಿಂದಲೇ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತಿತು. ಅದರ ಕಾಲದ ಆ ಟಿಕ್ ಸದ್ದು ಇವತ್ತಿಗೂ ಪ್ರತಿ ಕಾರಿನೊಳಗೆ ಉಳಿದಿದೆ ಎಂದು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ.

ಈಗ ಪರೀಕ್ಷೆಯ ವಿಷಯ. ಗಾಡಿ ಸರಿಯಿದ್ದಾಗ ಕೀಯನ್ನು ಪೂರ್ತಿ ತಿರುಗಿಸದೆ 'ಆನ್' ತನಕ ಮಾತ್ರ ತಿರುಗಿಸಿದರೆ ಸ್ಟೀರಿಂಗ್ ಕೆಳಗೆ ಟಿಕ್ ಎನ್ನುತ್ತದೆ. ಅದರ ಬೆನ್ನಿಗೇ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ಗುಂಯ್ ಎಂಬ ಸದ್ದು, ಪಂಪು ಪೈಪುಗಳಲ್ಲಿ ಒತ್ತಡ ತುಂಬುತ್ತಿರುವುದು. ಆಮೇಲೆ ಇನ್ನೊಂದು ಟಿಕ್, ಸದ್ದು ನಿಲ್ಲುತ್ತದೆ. ಇದನ್ನು ತಿಳಿದುಕೊಂಡ ಮೇಲೆ ಒಂದು ಭಾನುವಾರ ನಾನೂ ನನ್ನಾಕೆಯೂ ಬೇಕೆಂದೇ ಗಾಡಿಯನ್ನು ಮಧ್ಯಾಹ್ನದ ಬಿಸಿಲಿಗೆ ಒಡ್ಡಿ, ಊಟ ಮುಗಿಸಿ ಹೋಗಿ ಕೂತೆವು. ನಾನು ಮುಂದೆ, ಅವಳು ಹಿಂದಿನ ಸೀಟಿಗೆ ಕಿವಿ ಕೊಟ್ಟು. ರೇಡಿಯೋ ಇಲ್ಲ, ಫ್ಯಾನ್ ಇಲ್ಲ. ಕೀ ತಿರುಗಿಸಿದೆ.

"ಇಲ್ಲ ರೀ, ಏನೂ ಕೇಳಿಸ್ತಿಲ್ಲ."

ಸ್ಟೀರಿಂಗ್ ಕೆಳಗೆ ಕೈ ತೂರಿಸಿ ಡಬ್ಬಿಯನ್ನು ಬೆರಳಿಂದ ಎರಡು ಸಲ ತಟ್ಟಿದೆ. ಹಿಂದಿನಿಂದ "ಹಾಂ! ಬಂತು, ಬಂತು!" ಎಂದಳು. ಗುಂಯ್. ಬೆವರು ಕಣ್ಣಿಗಿಳಿಯುತ್ತಿದ್ದರೂ ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಪಂಪು ಚೆನ್ನಾಗಿದೆ, ಅದಕ್ಕೆ ಕರೆಂಟು ಕೊಡಬೇಕಾದವನು ಬಿಸಿಯಾದಾಗ ಕೈಬಿಡುತ್ತಿದ್ದಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಗಾಡಿ ಮೊದಲು ನೋಡಿದ ಗ್ಯಾರೇಜಿನವರು ಪಂಪು ಬದಲಿಸಬೇಕೆಂದು ಸಾವಿರಗಟ್ಟಲೆ ರೂಪಾಯಿಯ ಪಟ್ಟಿ ಕೊಟ್ಟಿದ್ದರು. ನಾನು ರಿಲೇ ಎಂದ ಮೇಲೆ ಅಲ್ಲಿನ ಹುಡುಗ ಇನ್ನೊಂದು ದಾರಿ ಸೂಚಿಸಿದ: "ಡೈರೆಕ್ಟ್ ಮಾಡಿಬಿಡೋಣ ದಾದಾ." ಅಂದರೆ ರಿಲೇಯನ್ನು ಬಿಟ್ಟು, ಬ್ಯಾಟರಿಯಿಂದ ಪಂಪಿಗೆ ನೇರ ವೈರು ಎಳೆದು, ನಡುವೆ ಒಂದು ಸ್ವಿಚ್ ಹಾಕುವುದು. ಬೆಂಗಳೂರಿನ ಗ್ಯಾರೇಜುಗಳಲ್ಲೂ ಈ ಮಾತು ಕೇಳಿದ್ದೇನೆ. ಇದನ್ನು ಯಾರೂ, ಯಾವ ಕಾರಣಕ್ಕೂ ಒಪ್ಪಬಾರದು. ಇಂಜಿನ್ ನಿಂತ ಕ್ಷಣ ಕಂಪ್ಯೂಟರ್ ರಿಲೇಯ ಮೂಲಕ ಪಂಪನ್ನೂ ನಿಲ್ಲಿಸುತ್ತದೆ. ಗಾಡಿ ಎಲ್ಲಾದರೂ ಗುದ್ದಿ ಪೆಟ್ರೋಲ್ ಪೈಪು ಹರಿದರೆ, ಡೈರೆಕ್ಟ್ ಮಾಡಿದ ಪಂಪು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಒಳಗೆ ಕೂತವರು ನಮ್ಮ ಮಕ್ಕಳು. ನೂರಿನ್ನೂರು ರೂಪಾಯಿಯ ಕೆಲಸ ಉಳಿಸಲು ಅವರನ್ನು ಆ ಅಪಾಯಕ್ಕೆ ಒಡ್ಡುವ ಹಕ್ಕು ಮೆಕ್ಯಾನಿಕ್ಕಿಗೂ ಇಲ್ಲ, ನಮಗೂ ಇಲ್ಲ.

ಹಾಗಾಗಿ ಮಲ್ಲಿಕ್ ಬಜಾರ್. ಪಾರ್ಕ್ ಸ್ಟ್ರೀಟ್ ಪೂರ್ವಕ್ಕೆ ಸಾಗಿ ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯನ್ನು ಕೂಡುವಲ್ಲಿ ಇರುವ ಹಳೇ ಬಿಡಿಭಾಗಗಳ ಸಂತೆ. ಬೆಂಗಳೂರಿನವರಿಗೆ ಹೇಳುವುದಾದರೆ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿಯನ್ನೂ ಒಂದೇ ಗಲ್ಲಿಗೆ ತುಂಬಿದಷ್ಟು. ಪಕ್ಕದ ಹಳೇ ಸ್ಮಶಾನದಲ್ಲಿ ಮೈಕೇಲ್ ಮಧುಸೂದನ ದತ್ತರ ಸಮಾಧಿ ಇದೆ. ಅದರ ಗೋಡೆಯಾಚೆಗೆ ಬಂಪರು, ಬಾಗಿಲು, ಗೇರ್‌ಬಾಕ್ಸು, ಹೆಡ್‌ಲೈಟುಗಳ ರಾಶಿ. ಎಣ್ಣೆ ಬಳಿದ ನೆಲದ ಮೇಲೆ ಕಾಲು ಜಾರದಂತೆ ನಡೆಯಬೇಕು. ಒಂದು ಕಿರಿದಾದ ಅಂಗಡಿಯಲ್ಲಿ ಆಲ್ಟರ್ನೇಟರ್, ಸೆಲ್ಫ್ ಮೋಟಾರು ರಿಪೇರಿ ಮಾಡುವ ಹಿರಿಯ ಮಿಸ್ತ್ರಿ ಒಬ್ಬರಿದ್ದಾರೆ. ಬಜಾರಿನವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಾರೆ, ನಾನು ಚಾಚಾ ಎನ್ನುತ್ತೇನೆ. ಜೊತೆಗೆ ಕೆಲಸ ಕಲಿಯುವ ಒಬ್ಬ ಹುಡುಗ.

ನಾನು ಬಿಚ್ಚಿ ತಂದಿದ್ದ ಡಬ್ಬಿಯನ್ನು ಚಾಚಾ ಕಿವಿಯ ಹತ್ತಿರ ಅಲ್ಲಾಡಿಸಿದರು. ಸಣ್ಣ ಸ್ಕ್ರೂಡ್ರೈವರಿನಿಂದ ಎರಡೂ ಬದಿಯ ಹಲ್ಲುಗಳನ್ನು ಒತ್ತಿ ಮುಚ್ಚಳ ಸರಿಸಿದರು. ಒಳಗೆ ಕಂದು ಬಣ್ಣದ ಪುಟ್ಟ ಬೋರ್ಡು, ಅದರ ಮೇಲೆ ಎರಡು ತಾಮ್ರದ ಸುರುಳಿ, ಕೆಳಗೆ ದಪ್ಪ ಪಿನ್ನುಗಳ ಸಾಲು. ಬೋರ್ಡನ್ನು ಮಗುಚಿ, ಬೆಳಕಿಗೆ ಓರೆಯಾಗಿ ಹಿಡಿದು, ಕನ್ನಡಕದ ಮೇಲೆ ಇನ್ನೊಂದು ಮಸೂರ ಇಟ್ಟು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು.

"ನೀವೇ ನೋಡಿ."

ಪ್ರತಿ ಪಿನ್ನಿನ ಬುಡದಲ್ಲೂ ಬೆಳ್ಳಗೆ ಹೊಳೆಯಬೇಕಿದ್ದ ಬೆಸುಗೆ ಮಂಕಾಗಿತ್ತು. ಎರಡು ಪಿನ್ನುಗಳ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ, ಪೂರ್ತಿ ಒಂದು ಉಂಗುರ. ಪಿನ್ನನ್ನು ಉಗುರಿನಿಂದ ತಳ್ಳಿದರೆ ಉಂಗುರದೊಳಗೆ ಅದು ಅಲುಗುವುದು ಕಣ್ಣಿಗೇ ಕಾಣುತ್ತಿತ್ತು. ಹಿತ್ತಾಳೆಯ ಪಿನ್ನು, ತಾಮ್ರದ ಪದರ, ಬೋರ್ಡಿನ ರಾಳ, ಬಿಸಿಗೆ ಇವು ಮೂರೂ ಹಿಗ್ಗುವ ಪ್ರಮಾಣ ಬೇರೆಬೇರೆ. ಗಾಡಿ ಓಡುವಾಗ ಸುರುಳಿಯೇ ಬಿಸಿಯಾಗುತ್ತದೆ, ಹೊರಗಿನಿಂದ ಡ್ಯಾಶ್‌ಬೋರ್ಡಿನ ಕಾವು. ರಾತ್ರಿ ಎಲ್ಲ ತಣ್ಣಗಾಗಿ ಕುಗ್ಗುತ್ತವೆ. ತವರ ಮತ್ತು ಸೀಸ ಬೆರೆಸಿದ ಬೆಸುಗೆ 183 ಡಿಗ್ರಿಗೆಲ್ಲ ಕರಗಲು ತೊಡಗುವ ಮೆತ್ತನೆಯ ಲೋಹ. ದಿನವೂ ಅತ್ತಿತ್ತ ಎಳೆದಾಡಿಸಿಕೊಂಡು, ವರ್ಷಗಟ್ಟಲೆ ಸಹಿಸಿ, ಕಡೆಗೆ ಸೀಳುತ್ತದೆ. ತಣ್ಣಗಿದ್ದಾಗ ಸೀಳಿನ ಎರಡು ದಡಗಳು ತಾಗಿಕೊಂಡೇ ಇರುತ್ತವೆ, ಕರೆಂಟು ಹರಿಯುತ್ತದೆ. ಬಿಸಿಯಾದಾಗ ಬಿಟ್ಟುಕೊಳ್ಳುತ್ತವೆ.

ಚಾಚಾ ಸಾಲ್ಡರಿಂಗ್ ಐರನ್ ಕಾಯಿಸಲು ಇಟ್ಟರು. ರೇಡಿಯೋ ರಿಪೇರಿಯ ಸಣ್ಣದಲ್ಲ, ದಪ್ಪ ಮೂತಿಯದು. ದಪ್ಪ ಪಿನ್ನು ಕಾವನ್ನೆಲ್ಲ ಹೀರಿಕೊಳ್ಳುತ್ತದೆ, ಸಣ್ಣ ಐರನ್ ಆದರೆ ಲೆಡ್, ಅಂದರೆ ಬೆಸುಗೆಯ ಲೋಹ, ಮೇಲೆ ಮಾತ್ರ ಕೂತು ಒಳಗೆ ಹಿಡಿಯುವುದಿಲ್ಲ ಎಂದರು. ಹಳೇ ಬೆಸುಗೆಯ ಮೇಲೆ ಹೊಸದನ್ನು ಬಳಿಯುವ ಆತುರ ಅವರಿಗಿರಲಿಲ್ಲ. ಮೊದಲು ಹಳೆಯದನ್ನು ಕರಗಿಸಿ, ತಾಮ್ರದ ಜಡೆಯಿಂದ ಹೀರಿ ತೆಗೆದರು. ಪಿನ್ನಿನ ಬುಡವನ್ನು ಬ್ಲೇಡಿನ ತುದಿಯಿಂದ ಹೊಳಪು ಬರುವ ತನಕ ಕೆರೆದರು. ಪೇಸ್ಟ್ ಹಚ್ಚಿದರು. ಆಮೇಲೆ ಐರನ್ನನ್ನು ಪಿನ್ನಿಗೆ ಒತ್ತಿ ಹಿಡಿದು, ಲೆಡ್ ತಂತಿಯನ್ನು ಇನ್ನೊಂದು ಬದಿಯಿಂದ ಮುಟ್ಟಿಸಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಥಟ್ಟನೆ ಲೆಡ್ ನೀರಾಗಿ ಪಿನ್ನಿನ ಸುತ್ತ ಓಡಿ, ಬುಡದಲ್ಲಿ ಇಳಿಜಾರಾಗಿ ನಿಂತಿತು. "ಊದಬೇಡ, ಅದಾಗೇ ಆರಲಿ" ಎಂದು ಹುಡುಗನಿಗೆ ಹೇಳಿದರು. ಅಲುಗದೆ ಆರಿದರೆ ಮಾತ್ರ ಬೆಸುಗೆ ಗಟ್ಟಿ. ಸೀಳಿದ ಎರಡು ಪಿನ್ನು ಮಾತ್ರವಲ್ಲ, ಎಲ್ಲ ಪಿನ್ನುಗಳಿಗೂ ಹೀಗೆಯೇ ಮಾಡಿದರು. ಒಂದೇ ವಯಸ್ಸಿನವು, ಇವತ್ತು ಇದು ಸೀಳಿದ್ದರೆ ನಾಳೆ ಅದು ಸೀಳುತ್ತದೆ ಎಂಬುದು ಅವರ ಲೆಕ್ಕ. ಕಡೆಗೆ ಬ್ಯಾಟರಿ ಮುಟ್ಟಿಸಿ ಟಿಕ್ ಎನ್ನಿಸಿ, ಮಲ್ಟಿಮೀಟರ್ ಹಿಡಿದು, ಮುಚ್ಚಳ ಹಾಕಿದರು. ಕೇಳಿದ ಹಣ ಒಂದು ಸಿನಿಮಾ ಟಿಕೆಟ್ಟಿಗಿಂತ ಕಡಿಮೆ. ನಾನು ಹೆಚ್ಚು ಕೊಟ್ಟೆ, ಅವರು ಹೆಚ್ಚಿನದನ್ನು ಹುಡುಗನ ಕೈಗಿಟ್ಟರು.

ಹೊಸ ರಿಲೇ ಹಾಕಿಸಿದ್ದರೆ ಸುಲಭವಿತ್ತಲ್ಲ ಎನ್ನುವವರಿದ್ದಾರೆ. ಒಳಗಿನ ಸ್ಪರ್ಶಬಿಂದುಗಳು, ಮಿಸ್ತ್ರಿಗಳ ಮಾತಿನಲ್ಲಿ ಪಾಯಿಂಟುಗಳು, ಸುಟ್ಟು ಕರಿಹಿಡಿದು ಗುಳಿಬಿದ್ದಿದ್ದರೆ ಅಥವಾ ಬೋರ್ಡೇ ಕರಕಲಾಗಿದ್ದರೆ ಹೊಸದನ್ನೇ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಸದೆಂದರೆ ಕಂಪನಿಯ ಅಸಲಿ ಮಾಲು. ಅದರಂತೆಯೇ ಕಾಣುವ ನಕಲಿಗಳ ಒಳಗೆ ಸುರುಳಿ ತೆಳು, ಪಾಯಿಂಟು ತೆಳು. ಗುಜರಿ ಗಾಡಿಯಿಂದ ಬಿಚ್ಚಿದ ರಿಲೇಯನ್ನು ಅಗ್ಗವೆಂದು ಹಾಗೇ ತಂದು ಹಾಕುವುದೂ ಬೇಡ. ಅದಕ್ಕೂ ನಮ್ಮದರಷ್ಟೇ ವಯಸ್ಸು, ಅದರ ಬುಡದಲ್ಲೂ ಅದೇ ಉಂಗುರ ಕಾದಿರುತ್ತದೆ. ಪಾಯಿಂಟು ಚೆನ್ನಾಗಿದ್ದು ಬೆಸುಗೆ ಮಾತ್ರ ಬಿಟ್ಟಿದ್ದರೆ, ಒಳ್ಳೆಯ ಕೈ ಹಾಕಿದ ಹೊಸ ಬೆಸುಗೆ ಕಾರ್ಖಾನೆಯದಕ್ಕೆ ಯಾವುದರಲ್ಲೂ ಕಡಿಮೆಯಲ್ಲ ಎಂದು ನಾನು ನಂಬುತ್ತೇನೆ. ಅದಾದ ಮೇಲೆ ಬಂದ ಬೇಸಿಗೆಗಳಲ್ಲಿ ನನ್ನ ಗಾಡಿ ಡಾಲ್‌ಹೌಸಿಯ ಬಿಸಿಲಲ್ಲಿ ನಿಂತು, ಕರೆದಾಗಲೆಲ್ಲ ಎದ್ದು ಬಂದಿದೆ.

ನಾವಿರುವುದು ಲೇಕ್ ಮಾರ್ಕೆಟ್ ಹತ್ತಿರ. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಈ ಭಾಗದಲ್ಲಿ ಬಾಳೆಲೆ, ಕರಿಬೇವು, ಕಾಫಿ ಪುಡಿ ಕೊಳ್ಳಲು ಹೋದರೆ ಕನ್ನಡದವರು ಒಬ್ಬರಾದರೂ ಸಿಗುತ್ತಾರೆ. ಕಳೆದ ಬೇಸಿಗೆಯಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರು ಕಾಫಿ ಪುಡಿಯ ಅಂಗಡಿಯಲ್ಲಿ ಸಿಕ್ಕಿ, "ಮಾರಾಯ್ರೆ, ನಮ್ಮ ಗಾಡಿ ಮಧ್ಯಾಹ್ನ ಸ್ಟಾರ್ಟೇ ಆಗುದಿಲ್ಲ. ಮಗ ಗುಜರಿಗೆ ಹಾಕು ಅಂತಾನೆ" ಎಂದು ಬೇಸರಪಟ್ಟರು. ಅವರದೂ ಹೆಚ್ಚು ಕಡಿಮೆ ನನ್ನ ಗಾಡಿಯ ವಯಸ್ಸಿನದೇ. ಸಂಜೆ ಬಂದು ನೋಡಿ ಎಂದರು. ಸಂಜೆ ಬೇಡ ರಾಯರೇ, ಎರಡು ಗಂಟೆಗೆ ಬರುತ್ತೇನೆ, ಬಿಸಿಲಲ್ಲೇ ನಿಲ್ಲಿಸಿರಿ ಎಂದೆ. ಅದೇ ಲಕ್ಷಣ. ಟಿಕ್ ಇದೆ, ಗುಂಯ್ ಇಲ್ಲ. ಡಬ್ಬಿ ಬಿಚ್ಚಿಕೊಂಡು ಇಬ್ಬರೂ ಮಲ್ಲಿಕ್ ಬಜಾರಿಗೆ ಹೋದೆವು. ಚಾಚಾ ಮುಚ್ಚಳ ಸರಿಸಿ ನೋಡಿ, ಈ ಸಲ ಐರನ್ ಕಾಯಿಸಲಿಲ್ಲ. ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಕಚ್ಚಿಕೊಂಡ ಗುರುತು ಇತ್ತು. "ಇದಕ್ಕೆ ಲೆಡ್ ಹಾಕಿ ನಿಮ್ಮ ದುಡ್ಡು ತೆಗೆದುಕೊಂಡರೆ ತಪ್ಪಾಗುತ್ತದೆ. ಹೊಸದು ತರಿಸಿ" ಎಂದರು. ಅಸಲಿ ರಿಲೇ ತರಿಸಲು ಕೆಲವು ದಿನ ಹಿಡಿಯಿತು. ಹಾಕಿದ ಮಧ್ಯಾಹ್ನವೇ ರಾಯರು ಗಾಡಿಯನ್ನು ರಾಸ್‌ಬಿಹಾರಿ ಅವೆನ್ಯೂ ಬಿಸಿಲಲ್ಲಿ ನಿಲ್ಲಿಸಿ, ಸ್ಟಾರ್ಟ್ ಮಾಡಿ, ನನಗೆ ಫೋನಿನಲ್ಲಿ ಇಂಜಿನ್ ಸದ್ದು ಕೇಳಿಸಿದರು. ಸುಟ್ಟ ರಿಲೇಯನ್ನು ಚಾಚಾ ಬಳಿಯ ಹುಡುಗ ಕೇಳಿ ಇಟ್ಟುಕೊಂಡಿದ್ದಾನೆ. ಪಿನ್ನುಗಳ ಬೆಸುಗೆ ಬಿಚ್ಚಿ ಹಾಕಿ ಕೈ ಕುದುರಿಸಿಕೊಳ್ಳಲು ಬೇಕಂತೆ.